ಕರಿಮಡ್ಡಿಯ ಗಣಿ ಗ್ಯಾಸು

ಅಯ್ಯಮ್ಮನ ಒಲೆಯಲ್ಲಿ ಗಣಿಯ ಗ್ಯಾಸು ನೀಲಿಯಾಗಿ ಉರಿಯುತ್ತಿತ್ತು. ನೆಲದಡಿ ಕಲ್ಲಿದ್ದಲಿನ ಸಂದುಗಳಲ್ಲಿ ಅಡಗಿ ಕೂತ ಮೀಥೇನನ್ನು ಹೀರಿ, ಸೋಸಿ, ಕರಿಮಡ್ಡಿ ಕಾಲೊನಿಯ ಮನೆಮನೆಗೆ ಕಳಿಸುವ ‘ಅನಿಲಹೀರಕ’ ಯಂತ್ರ ಬಂದ ಮೇಲೆ ಅಲ್ಲಿನ ಹೆಂಗಸರ ಬದುಕೇ ಬದಲಾಗಿತ್ತು. ಎಷ್ಟೋ ಗಣಿಯಾಳುಗಳನ್ನು ಸುಟ್ಟು ಕರಕಲು ಮಾಡಿದ ಹಾಳು ಗ್ಯಾಸು ಈಗ ತೆಪ್ಪಗೆ ರೊಟ್ಟಿ ಸುಡುತ್ತಿತ್ತು. ಇದಕ್ಕಿಂತ ಇನ್ನೇನು ಬೇಕು!

ಅದು ಯುಗಾದಿಯ ಬೆಳಿಗ್ಗೆ. ಹಬ್ಬವೆಂದು ಗಣಿ ನಿಲ್ಲುತ್ತದೆಯೇ? ಗಂಡ ತಾಯಪ್ಪ ಪಾಳಿಗೆ ಕೆಳಗಿಳಿದಿದ್ದ. ಕಣ್ಣು ಕಾಣದ ಅತ್ತೆ ದೇವರ ದೀಪದ ಮುಂದೆ ಕೂತು ಏನೋ ಗೊಣಗುತ್ತಿದ್ದಳು. ಎರಡನೇ ಹೋಳಿಗೆ ಹೆಂಚಿಗೆ ಬಿದ್ದಿತ್ತಷ್ಟೇ, ಒಲೆ ಪಕ್ಕನೆ ಆರಿಹೋಯಿತು. ಹಿಂದೆಯೇ ಗಣಿಯ ಅಪಾಯದ ಸೈರನ್ ಬಾಯಿಬಡಿದುಕೊಂಡಿತು.

ಅಯ್ಯಮ್ಮ ಅತ್ತೆಯನ್ನು ಅಲ್ಲೇ ಬಿಟ್ಟು ಎದ್ದಳು. ಹಿಟ್ಟಿನ ಕೈಯಲ್ಲೇ ಓಡಿದಳು. ಕಾಲೊನಿಯ ಹೆಂಗಸರೆಲ್ಲ ಹಾಗೆಯೇ ಓಡಿಬಂದು ಗಣಿಯ ಗೇಟಿನಲ್ಲಿ ನೆರೆದಿದ್ದರು. ಬಹಳ ಹೊತ್ತು ಕಾದರೂ ಯಾರೂ ಏನೂ ಹೇಳಲಿಲ್ಲ. ಕೊನೆಗೆ ತಡೆಯಲಾರದೆ ಅವಳೊಬ್ಬಳೇ ಯಂತ್ರದ ಕೋಣೆಗೆ ನುಗ್ಗಿದಳು.

“ಮೇಡಮ್ಮಾರೆ, ನಮ್ಮ ಮನಿಯವ್ರು ಕೆಳಗದಾರ್ರಿ! ಏನಾತ್ರಿ?”

ಯಂತ್ರ ಕಟ್ಟಿದ ವಿಜ್ಞಾನಿ ಶರ್ವಾಣಿ ಬೆವರು ಒರೆಸಿಕೊಂಡಳು. “ಏನೂ ಆಗಿಲ್ಲಮ್ಮ, ಕೂತ್ಕೊಳ್ಳಿ. ಹಬ್ಬ ಅಂತ ಎಲ್ಲರೂ ಒಟ್ಟಿಗೇ ಒಲೆ ಹಚ್ಚಿದಿರಿ. ಯಂತ್ರ ಜೋರಾಗಿ ಹೀರಿತು. ಮುಚ್ಚಿದ ಹಳೇ ಸುರಂಗದೊಳಕ್ಕೆ ಬಿರುಕುಗಳಿಂದ ಗಾಳಿ ನುಗ್ಗಿ, ಅಲ್ಲಿ ಗ್ಯಾಸಿನ ಪಾಲು ಕಡಿಮೆಯಾಯಿತು.”

“ಕಡಿಮಿ ಆದ್ರ ಚಲೋ ಅಲ್ಲೇನ್ರಿ?”

“ಅಲ್ಲ. ಬರೀ ಮೀಥೇನ್ ತುಂಬಿದ್ದರೆ ಅದು ಸಿಡಿಯೋದಿಲ್ಲ. ನೂರು ಪಾಲಿನಲ್ಲಿ ಐದರಿಂದ ಹದಿನೈದು ಪಾಲು ಮೀಥೇನ್, ಮಿಕ್ಕಿದ್ದು ಗಾಳಿ ಇದ್ದರೆ ಒಂದು ಕಿಡಿ ಸಾಕು. ಅದಕ್ಕೇ ನಿಮ್ಮ ಗ್ಯಾಸ್ ನಿಲ್ಲಿಸಿ, ಸುರಂಗಕ್ಕೆ ಸಾರಜನಕ ತುಂಬಿಸಿದೆ. ಅಪಾಯ ಕಳೀತು. ನಿಮ್ಮ ಯಜಮಾನರು ಮೇಲೆ ಬರ್ತಾ ಇದಾರೆ.”

ಅಯ್ಯಮ್ಮ ಗಳಗಳನೆ ಅತ್ತುಬಿಟ್ಟಳು. “ನಿಮ್ಮ ಹೊಟ್ಟಿ ತಣ್ಣಗಿರ್ಲಿ, ತಾಯಿ!”

“ಹೋಗಿ ಹೋಳಿಗೆ ಮಾಡಿ,” ಶರ್ವಾಣಿ ನಕ್ಕಳು. “ಬೇರೆ ಸುರಂಗದಿಂದ ಗ್ಯಾಸ್ ಬಿಟ್ಟು ಅರ್ಧ ಗಂಟೆಯಾಯಿತು. ನೋಡಿ, ಎಲ್ಲ ಮನೆಯವರೂ ಆಗಲೇ ಶುರುಮಾಡಿದಾರೆ!” ಪರದೆಯ ಮೇಲೆ ಪ್ರತಿ ಮನೆಯ ಗ್ಯಾಸಿನ ಗುರುತೂ ಬೆಳಗುತ್ತಿತ್ತು.

ಅಯ್ಯಮ್ಮ ಪರದೆ ನೋಡಿದಳು. ಆಮೇಲೆ ಕಿಟಕಿಯಾಚೆ ಗೇಟಿನತ್ತ ನೋಡಿದಳು.

“ಎಲ್ಲಾರೂ ಇಲ್ಲೇ ನಿಂತಾರಲ್ರಿ. ಒಲಿ ಹಚ್ಚಿದವ್ರು ಯಾರು?”

ಶರ್ವಾಣಿಯ ನಗು ನಿಂತಿತು. “ಒಲೆ ಆರಿದಾಗ ಗ್ಯಾಸ್ ಬಂದ್ ಮಾಡಿ ಬಂದಿರಿ ತಾನೇ?”

“ಯಾಕ ಬಂದ್ ಮಾಡ್ತೀವ್ರಿ? ನೀರು ಹೋದ್ರ ನಳ ಬಿಟ್ಟೇ ಇಡ್ತೀವಿ, ಬಂದಾಗ ಗೊತ್ತಾಗ್ಲಿ ಅಂತ. ಇದೂ ಹಂಗ…” ಅಯ್ಯಮ್ಮ ಮತ್ತೆ ಪರದೆಯತ್ತ ತಿರುಗಿದಳು. “ವಾಸನಿ ಬರ್ತದಲ್ರಿ? ಅತ್ತಿ ಮನ್ಯಾಗ ದೀಪದ ಮುಂದ ಕುಂತಾಳ. ವಾಸನಿ ಬಂದ್ರ ಎದ್ದು ಹೊರಗ ಬರ್ತಾಳ.”

“ಮೀಥೇನಿಗೆ ವಾಸನೆಯೇ ಇಲ್ಲಮ್ಮ. ಸಿಲಿಂಡರ್ ಗ್ಯಾಸಿಗಾದರೆ ಬೆರೆಸ್ತಾರೆ. ನಾನು… ಶುದ್ಧವಾಗಿರಲಿ ಅಂತ ಬೆರೆಸಲಿಲ್ಲ.”

ಶರ್ವಾಣಿ ಗ್ಯಾಸ್ ನಿಲ್ಲಿಸಲು ಕೈಚಾಚಿದಳು. ಅಷ್ಟರಲ್ಲಿ ಕಿಟಕಿಯ ಗಾಜು ಒಳಕ್ಕೆ ಸಿಡಿಯಿತು. ಒಂದು ಸಾಲಿನ ಮನೆಗಳು ಹಾರಿದವು, ಮತ್ತೊಂದು ಸಾಲು, ಅಯ್ಯೋ ದೇವರೇ, ಅದರಾಚೆಯದು. ಅಯ್ಯಮ್ಮ ಕಿವಿ ಮುಚ್ಚಿಕೊಂಡು ಹೊರಗೋಡಿದಳು.

ಗಣಿಯಿಂದ ಲಿಫ್ಟು ಕಿವಿಗಡಚಿಕ್ಕುವಂತೆ ಗಡಗಡಿಸುತ್ತ ಮೇಲೆ ಬಂದು ನಿಂತಿತು. ಒಳಗಿದ್ದ ಗಂಡಸರಲ್ಲಿ ಒಬ್ಬನಿಗೂ ತರಚುಗಾಯವಿರಲಿಲ್ಲ. ಕತ್ತಲಿಂದ ಬಂದ ತಾಯಪ್ಪ ಬಿಸಿಲಿಗೆ ಕಣ್ಣು ಕಿರಿದಾಗಿಸಿ, ಬೆನ್ನ ಹಿಂದಿನ ಕಾಲೊನಿಯ ಹೊಗೆ ಕಾಣದೆ, ನೆಲದಲ್ಲಿ ಕುಸಿದು ಕೂತ ಹೆಂಡತಿಯನ್ನು ಕಂಡು ಓಡಿಬಂದ. ಅವಳ ಹೆಗಲು ಹಿಡಿದು ಅಲುಗಿಸುತ್ತ ನಕ್ಕ.

“ಲೇ ಹುಚ್ಚಿ, ಯಾಕ ಅಳ್ತಿ? ನಾ ಬದುಕೀನಿ, ನೋಡಿಲ್ಲಿ! ಏಳು, ಮನಿಗಿ ನಡಿ. ಅವ್ವ ಗಾಬರಿ ಆಗಿರ್ತಾಳ.”