ಡಾಂಬರು ಬಳಿದ ಮುಖ

ಡ್ರಾಯಿಂಗ್ ಮಾಸ್ತರ ಬಸಂತರಾಯ ಏಳನೆಯ ಚಿತ್ರದ ಮುಂದೆ ನಿಂತಿದ್ದರು. ಪಿಎಸ್‌ಐ ಮೆಹರುನ್ನಿಸಾ ಒಳಗೆ ಬಂದರು.

"ಏನ ಕಳುವಾಗೇತ್ರಿ ಸರ?"

"ಡಾಂಬರ."

ಮೆಹರುನ್ನಿಸಾ ಪೆನ್ನು ಮುಚ್ಚಿದರು. "ಮುಂಜಾನಿಂದ ಎರಡ ಎಮ್ಮಿ ಕೇಸ ಮುಗಿಸೇನಿ. ತಿಳಿಯೂಹಂಗ ಹೇಳ್ರಿ."

ದೇವರ ಹಿಪ್ಪರಗಿಯ ಆ ಹಾಲ್‌ನಲ್ಲಿ ಮಾಸ್ತರರು ದೂರದೇಶದ ಕಲಾವಿದನೊಬ್ಬನ ಚಿತ್ರಗಳ ಪ್ರದರ್ಶನ ಇಟ್ಟಿದ್ದರು. ಅಲ್ಲಿನ ಸರ್ಕಾರ ಇಪ್ಪತ್ತು ವರ್ಷ ಯಾರಿಗೂ ತೋರಿಸಲು ಬಿಡದ ಚಿತ್ರಗಳು. ಏಳನೆಯದರಲ್ಲಿ ಜೈಲಿನ ಬಾಗಿಲಲ್ಲಿ ಮಗನಿಗಾಗಿ ಕಾದ ತಾಯಿ. ಅವಳ ಮುಖಕ್ಕೆ ಅಧಿಕಾರಿಗಳು ಡಾಂಬರು ಬಳಿದಿದ್ದರು. ಆ ದಬ್ಬಾಳಿಕೆಗೆ ಸಾಕ್ಷಿಯಾಗಲೆಂದು ಕಲಾವಿದ ಡಾಂಬರನ್ನು ಹಾಗೇ ಉಳಿಸಿದ್ದ. ಈಗ ಡಾಂಬರಿಲ್ಲ. ಮುಖ ಇದೆ.

"ಕೀಲಿ ವಾಚ್‌ಮನ್ ದಸ್ತಗೀರಸಾಬನ ಕಡೆ ಇತ್ತು. ಹಾಲ್ ಕಮಿಟಿಯವರು ಇವತ್ತ ಅವನ್ನ ಕೆಲಸದಿಂದ ತಗೀತಾರ," ಎಂದರು ಮಾಸ್ತರ.

"ಹದಿನಾರ ವರ್ಷದಾಗ ಒಂದ ಖುರ್ಚಿ ಹೋಗಿಲ್ರಿ ಬಾಯಾರ," ಎಂದ ದಸ್ತಗೀರಸಾಬ. "ಆರಕ್ಕ ಬಾಗಲಾ ತಗದು ಚಾ ಕುಡ್ಯಾಕ ಹೋಗಿದ್ನಿ. ಎರಡ ತಾಸ."

"ಎರಡ ತಾಸ ಚಾ?"

"ಪೇಪರ ಬಂದಿದ್ದಿಲ್ರಿ, ಕಾಕೋತ ಕುಂತ್ನಿ."

* * *

ಬೋರ್ಡ್ ಬರೆಯುವ ಇಜಾಜ ಮೊನ್ನೆ, ನಮ್ಮೂರ ಚಿತ್ರ ಬಿಟ್ಟು ಇವ್ಯಾಕೆ ಎಂದು ಜಗಳ ತೆಗೆದಿದ್ದ. ಮೆಹರುನ್ನಿಸಾ ಹೋದಾಗ ಅವನ ಅಂಗಡಿ ತುಂಬ ಬಣ್ಣ ಕರಗಿಸುವ ಟರ್ಪೆಂಟೈನ್ ವಾಸನೆ.

"ಇದನ್ನ ಹಚ್ಚಿದ್ರ ಡಾಂಬರದ ಜೋಡಿ ಮಾರೀನೂ ಹೋಗ್ತಿತ್ರಿ ಮೇಡಂ," ಅಂದ ಅವನು. "ಮಾರಿ ಉಳದೇತಿ ಅಂದ್ರ ಮೆತ್ತಗ ಒರಸ್ಯಾರ. ನನಗ ಅಷ್ಟ ಪುರಸೊತ್ತಿಲ್ಲ."

* * *

ಮೆಹರುನ್ನಿಸಾ ಮತ್ತೆ ಚಿತ್ರದ ಬಳಿ ಬಗ್ಗಿದರು. ಕುಸುಬಿ ಎಣ್ಣೆಯ ವಾಸನೆ. ಚೌಕಟ್ಟಿನ ಕೆಳಗಿನ ಸಂದಿಯಲ್ಲಿ ಬಿಳಿ ಹುಡಿ. ಬೆರಳಿಗೆ ಹಚ್ಚಿ ನೋಡಿದರು. ಜೋಳದ ಹಿಟ್ಟು.

"ಕೆಡಿಸೂ ಮಂದಿ ಹರೀತಾರ ಸರ. ಇಲ್ಲಿ ಎಣ್ಣಿ ಹಚ್ಚಿ ಡಾಂಬರ ನೆನಸ್ಯಾರ. ಆಮ್ಯಾಲೆ ಎಣ್ಣಿ ಹೀರಾಕ ಹಿಟ್ಟ ಉದರಿಸ್ಯಾರ. ಹುಡುಗೂರ ಕಾಲಿಗೆ ಡಾಂಬರ ಹತ್ತಿದ್ರ ನಮ್ಮವ್ವ ಹಿಂಗ ತಗೀತಿದ್ಲು. ಮುಂಜಾನೆ ಈ ಹಾಲ್‌ನ ನಳಕ್ಕ ನೀರಿಗೆ ಯಾರ ಬರ್ತಾರ?"

ದಸ್ತಗೀರಸಾಬ ತಲೆ ಕೆರೆದುಕೊಂಡ. "ಖಾನಾವಳಿಗೆ ರೊಟ್ಟಿ ಬಡಿಯೂ ಶಂಕ್ರೆವ್ವ."

ಕರೆಸಿದಾಗ ಶಂಕ್ರೆವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಹೌದು, ನಾನ ಒರಸೇನಿ. ಹೆಣ್ಣಮಗಳ ಮಾರಿಗೆ ಮಸಿ ಬಳದಿದ್ದನ್ನ ತೂಗಹಾಕೀರಿ, ಬಂದವ್ರೆಲ್ಲಾ ಫೋಟೋ ಹೊಡಕೊಂಡ ಹೋಗ್ತಾರ. ಕೊಡ ತುಂಬೂಮುಂದ ದಿನಾ ನೋಡಿ ಸಾಕಾಗಿತ್ತು. ಎರಡ ತಾಸ ಕುಂತ ಒರಸೇನಿ."

"ಇವನ ಕೆಲಸ ಹೊಂಟಿತ್ತಲ್ಲ ಯವ್ವಾ. ಮೊದ್ಲ ಹೇಳಬಾರದಾ?"

"ನನ್ನ ಯಾರ ಕೇಳ್ಯಾರ?"

ಮೆಹರುನ್ನಿಸಾ ದೂರಿನ ಹಾಳೆ ಮಾಸ್ತರ ಮುಂದಿಟ್ಟರು. "ಏನಂತ ಬರೀಲಿ ಸರ? ಪರದೇಶದ ಸರ್ಕಾರ ಬಳದಿದ್ದ ಮಸಿ ಒರಸ್ಯಾಳಂತನಾ?"

ಮಾಸ್ತರ ಆ ತಾಯಿಯ ಮುಖ ನೋಡಿದರು. ಹಾಳೆ ಹರಿದರು. ಕಮಿಟಿಗೆ ಫೋನು ಹಚ್ಚಿದರು.

"ದಸ್ತಗೀರಸಾಬನ್ನ ತಗೀಬ್ಯಾಡ್ರಿ. ತಪ್ಪ ನಂದು, ಆ ಮಾರಿ ಹಂಗ ತೂಗಹಾಕಿದವ ನಾನ. ಕಲಾವಿದಗ ನಾನ ಹೇಳ್ತೇನಿ."