ಬಾಗಿಲ ಬದಿಯ ಕಂದು ಮಣಿಗಳು

2023ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಸಂಶೋಧನಾಲಯದ ವಸತಿಗೃಹದ ಮೊದಲ ಮನೆಯಲ್ಲಿ ತಂಗಿ ಕಾಫಿ ಲೋಟ ತೊಳೆಯುತ್ತಿದ್ದಾಗ ಅಲ್ಲಿನ ಯುವ ಸಂಶೋಧಕ ಉದ್ದಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ.

"ಮೇಡಂ, ಮಧ್ಯಾಹ್ನದೊಳಗೆ ನನ್ನ ಕೆಲಸ ಹೋಗುತ್ತೆ."

ಮೇಡಂ ಎಂದರೆ ತಂಗಿಯ ಅಕ್ಕ, ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕಿ. ಅಲ್ಲಿನ ಒಗಟುಗಳನ್ನೆಲ್ಲ ಸೋಸಿ ಬಿಡಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ 'ಜರಡಿ ಮೇಡಂ'. ನರ್ಸ್ ಆಗಿ ದುಡಿದು ನಿವೃತ್ತಳಾದ ತಂಗಿಗೆ ಈಗ ಅಕ್ಕನ ಕನ್ನಡಕ ಹಿಡಿದು ಹಿಂದೆ ಓಡಾಡುವುದೇ ಕೆಲಸ.

"ಕೂತ್ಕೊಂಡು ಹೇಳಪ್ಪ. ನೀನು ನಿಂತ್ರೆ ನಿನ್ನ ಮುಖ ನೋಡೋಕೆ ನನ್ನ ಕುತ್ತಿಗೆ ಉಳುಕುತ್ತೆ," ಎಂದರು ಅಕ್ಕ.

ಅವನ ಸಹೋದ್ಯೋಗಿ ಪುಟ್ಟಿ ವರ್ಷಗಟ್ಟಲೆ ದುಡಿದು ಸಾಸಿವೆ ಗಾತ್ರದ ಬಿಳಿ ಸಿಲಿಕಾ ಮಣಿಗಳನ್ನು ಮಾಡಿದ್ದಳು. ಅವುಗಳ ಸೂಕ್ಷ್ಮ ರಂಧ್ರಗಳಲ್ಲಿ ಅಮೀನ್ ಎಂಬ ರಾಸಾಯನಿಕ ಅಂಟಿಕೊಂಡಿತ್ತು. ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅದು ಹಿಡಿದುಕೊಳ್ಳುತ್ತದೆ. ಬಿಸಿ ಮಾಡಿದರೆ ಬಿಟ್ಟುಕೊಟ್ಟು ಮತ್ತೆ ಹೊಸದಾಗುತ್ತದೆ. ನಿನ್ನೆ ಹಾಗೆ ಬಿಸಿಗಿಟ್ಟಿದ್ದ ಮಣಿಗಳು ಸಂಜೆ ನೋಡಿದರೆ ಕಂದು ಬಣ್ಣಕ್ಕೆ ತಿರುಗಿದ್ದವು.

"ದೊಡ್ಡ ಸ್ಥಾವರದ ಪರೀಕ್ಷೆಗೆ ಒಬ್ಬರ ಮಣಿಗಳು ಮಾತ್ರ ಹೋಗಬೇಕು. ಅವಳದು ಇಲ್ಲಾಂದ್ರೆ ನನ್ನದು. 'ನಿಂದು ಸುಟ್ಟು ಕರಕಲಾಗಲಿ' ಅಂತ ಮೊನ್ನೆ ತಮಾಷೆಗೆ ಅಂದಿದ್ದೆ, ಹಾಳು ಬಾಯಿ! ನಿನ್ನೆ ಪಕ್ಕದ ಕೋಣೇಲಿ ಇದ್ದೋನು ನಾನೊಬ್ಬನೇ. ನಾನೇ ಕೆಡಿಸಿದೆ ಅಂತ ನಮ್ಮ ಮುಖ್ಯಸ್ಥರು ಮಧ್ಯಾಹ್ನ ತೆಗೆದುಹಾಕ್ತಾರಂತೆ."

ಮೂವರೂ ಪ್ರಯೋಗಾಲಯಕ್ಕೆ ಹೋದಾಗ ಪುಟ್ಟಿಯ ಕಣ್ಣು ಊದಿಕೊಂಡಿತ್ತು. "ಊಟ ಆದ್ಮೇಲೆ ಇದೇ ಮೇಜಿನ ಮೇಲೆ ನಿದ್ದೆ ಹೋಗ್ಬಿಟ್ಟೆ ಆಂಟಿ. ಐದಕ್ಕೆ ಎದ್ದಾಗ ತಲೆ ಕೆಳಗೆ ಈ ಟವೆಲ್ ಇತ್ತು. ಉದ್ದಣ್ಣನೇ ಇಟ್ಟಿರಬೇಕು. ಅಂದ್ರೆ ಒಳಗೆ ಬಂದಿದ್ದ ತಾನೆ?"

"ನಾನಿಟ್ಟಿಲ್ಲ ಕಣೇ!"

ತಂಗಿ ಟವೆಲನ್ನು ಕೈಗೆತ್ತಿಕೊಂಡಳು. ಕುತ್ತಿಗೆಗೆ ನೋವಾಗದಂತೆ ದಪ್ಪಗೆ ಮಡಿಸಿದ್ದರು. ಒಂದು ಮೂಲೆ ಸುಟ್ಟು ಹಳದಿಯಾಗಿತ್ತು; ಹೊಲಿಗೆಯಲ್ಲಿ ಬಿಳಿ ಪುಡಿ ಗಟ್ಟಿಕಟ್ಟಿತ್ತು. "ಅಕ್ಕ, ಮಲಗಿಸೋದು ಗೊತ್ತಿರೋ ಕೈ ಇದು," ಎಂದಳು ಮೆಲ್ಲಗೆ.

ಅಕ್ಕ ವಿದ್ಯುತ್ ಓವನ್ ತೆರೆದರು. ತಟ್ಟೆಯಲ್ಲಿ ಬಾಗಿಲ ಬದಿಯ ಮಣಿಗಳು ಗಾಢ ಕಂದು, ಹಿಂದಿನವು ತಿಳಿ ಹಳದಿ. ಆಮೇಲೆ ಓವನ್‌ಗೆ ಅನಿಲ ಹರಿಸುವ ನೈಟ್ರೋಜನ್ ಸಿಲಿಂಡರಿನ ಮಾಪಕದ ಮುಳ್ಳನ್ನು ನೋಡಿದರು. "ಇದು ಗಂಟೆಗೆ ಎಷ್ಟು ಇಳಿಯುತ್ತೆ?"

"ಐದು ಗೆರೆ. ಹನ್ನೊಂದಕ್ಕೆ ಶುರು ಮಾಡಿದಾಗ ತೊಂಬತ್ತಿತ್ತು. ಎದ್ದ ತಕ್ಷಣ ನಾನೇ ನಿಲ್ಲಿಸಿದೆ."

ಮುಳ್ಳು ಎಪ್ಪತ್ತರಲ್ಲಿತ್ತು. ಅಕ್ಕ ಕನ್ನಡಕ ಒರೆಸುತ್ತಾ ನಕ್ಕರು. "ನಿಮ್ಮಪ್ಪನ್ನ ಕರೆಸಮ್ಮ. ಮುಖ್ಯಸ್ಥರೂ ಬರಲಿ."

ಪುಟ್ಟಿಯ ಅಪ್ಪನದು ಎದುರು ಬೀದಿಯಲ್ಲೇ ಬೇಕರಿ. ಅವರು ತೋಳಿನ ಹಿಟ್ಟು ಕೊಡವುತ್ತಾ ಬಂದರು. ಮುಖ್ಯಸ್ಥರು ಗಡಿಯಾರ ನೋಡಿಕೊಳ್ಳುತ್ತಾ ನಿಂತರು.

"ಕೆಡಿಸಬೇಕು ಅಂತ ಬಂದೋನು ರಾಸಾಯನಿಕ ಸುರೀತಾನೆ, ಇಲ್ಲಾ ಉರಿ ಹೆಚ್ಚಿಸ್ತಾನೆ," ಅಕ್ಕ ಶುರುಮಾಡಿದರು. "ಹಾಗಾಗಿದ್ರೆ ಇಡೀ ತಟ್ಟೆ ಒಂದೇ ಥರ ಕೆಡ್ತಿತ್ತು. ಇಲ್ಲಿ ಬಾಗಿಲ ಕಡೆಯವೇ ಹೆಚ್ಚು ಕೆಟ್ಟಿವೆ. ಅಂದ್ರೆ ಬಾಗಿಲು ತೆರೆದಿತ್ತು, ಗಾಳಿ ನುಗ್ಗಿದೆ. ಬಿಸಿಯಾಗಿರೋ ಅಮೀನ್‌ಗೆ ಗಾಳೀಲಿರೋ ಆಮ್ಲಜನಕ ತಾಗಿದ್ರೆ ಕಂದಾಗಿ ಸಾಯುತ್ತೆ. ಅದನ್ನ ತಡೆಯೋಕೇ ನೈಟ್ರೋಜನ್. ಆರು ಗಂಟೆ ಹರಿದಿದ್ರೆ ಮುಳ್ಳು ಅರವತ್ತರಲ್ಲಿರಬೇಕಿತ್ತು. ಎಪ್ಪತ್ತರಲ್ಲಿದೆ. ಎರಡು ಗಂಟೆ ಯಾರೋ ಅದನ್ನ ಮುಚ್ಚಿಟ್ಟು ಮತ್ತೆ ತೆರೆದಿದ್ದಾರೆ."

"ಇವನೇ!" ಎಂದರು ಮುಖ್ಯಸ್ಥರು.

"ಇವನಿಗೆ ನೈಟ್ರೋಜನ್ ಯಾಕೆ ಅಂತ ಗೊತ್ತು. ಕೆಡಿಸೋಕೆ ಬಂದೋನು ದಿಂಬು ಮಾಡಿಟ್ಟು ಹೋಗ್ತಾನಾ? ಟವೆಲ್ ನೋಡಿ, ಸುಟ್ಟ ಮೂಲೆ, ಹಿಟ್ಟು. ಬಿಸಿ ತಟ್ಟೆ ಹಿಡಿಯೋರದ್ದು." ಅಕ್ಕ ಬೇಕರಿಯವರತ್ತ ತಿರುಗಿದರು. "ಒಲೆ ಉರೀತಿರುವಾಗ ಮಗಳು ನಿದ್ದೆ ಹೋದ್ರೆ ಏನು ಮಾಡ್ತೀರಿ ಯಜಮಾನ್ರೇ?"

"ಗ್ಯಾಸ್ ಆಫ್ ಮಾಡ್ತೀನಿ. ನಿನ್ನೇನೂ ಮಾಡಿದೆ," ಎಂದರು ಅವರು ಏನೂ ಅರಿಯದೆ. "ಬನ್ ಕೊಡೋಣ ಅಂತ ಬಂದೆ, ಮಲಗಿತ್ತು ಕೂಸು. ಮುಖ ಇಷ್ಟಾಗಿತ್ತು. ಕಾವು ಇಳೀಲಿ ಅಂತ ಬಾಗಿಲು ಚೂರು ತೆಗೆದಿಟ್ಟು ಕೂತೆ. ಇವಳು ನಿದ್ದೆ ಮಾಡೋದು ನೋಡಿ ಎಷ್ಟು ದಿನ ಆಗಿತ್ತು! ಹೋಗುವಾಗ ಎಲ್ಲ ಮೊದಲಿದ್ದಂಗೇ ಮಾಡಿ, ಬನ್ನು ವಾಪಸ್ ತಗೊಂಡು ಹೋದೆ. ಎಬ್ಬಿಸೋಕೆ ಮನಸ್ಸು ಬರಲಿಲ್ಲ."

"ಅಪ್ಪಾ, ಅದು ಉರಿಯೋ ಗ್ಯಾಸಲ್ಲ. ಓವನ್ ಕರೆಂಟಿಂದು. ಅದು ಕಾಯ್ತಾನೇ ಇತ್ತು..."

ಅವರ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನಾನೇ ಹಾಳು ಮಾಡಿದ್ನಾ?"

ಪುಟ್ಟಿ ಅತ್ತಳೋ ನಕ್ಕಳೋ ತಂಗಿಗೆ ತಿಳಿಯಲಿಲ್ಲ. ಅಪ್ಪನ ಹಿಟ್ಟಿನ ಭುಜಕ್ಕೆ ಹಣೆ ಒತ್ತಿದ್ದಳು. ಮುಖ್ಯಸ್ಥರು ಕೆಮ್ಮಿ, ಉದ್ದಣ್ಣನ ಕೈ ಹಿಡಿದು, "ತಪ್ಪು ನಂದಪ್ಪ. ಪರೀಕ್ಷೆ ಹತ್ತು ದಿನ ಮುಂದಕ್ಕೆ ಹಾಕ್ತೀನಿ," ಎಂದರು.

"ಉದ್ದಣ್ಣ, ನಿನ್ನನ್ನ ಅನುಮಾನಿಸಿದೆ ಕಣೋ," ಎಂದಳು ಪುಟ್ಟಿ.

"ಇರಲಿ ಬಿಡು. ಹೊಸ ಮಣಿ ಮಾಡು, ನಾನು ಕಾವಲಿರ್ತೀನಿ. ನೀನು ಮನೇಲಿ ಹೋಗಿ ಮಲ್ಕೋ."

ಹೊಸ ಮಣಿಗಳ ಪರೀಕ್ಷೆಯ ದಿನ ತಂಗಿಯೂ ಹೋಗಿದ್ದಳು. ಬೇಕರಿಯವರು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಏನನ್ನೂ ಮುಟ್ಟದೆ ಕೂತಿದ್ದರು. ಉದ್ದಣ್ಣ ತಕ್ಕಡಿಯತ್ತ ಬಗ್ಗಿ ಗಟ್ಟಿಯಾಗಿ ಓದಿದ. ಕಂದು ಮಣಿಗಳು ಒಂದು ಗ್ರಾಂಗೆ ಹಿಡಿದ ಇಂಗಾಲದ ಡೈಆಕ್ಸೈಡ್ 31 ಮಿಲಿಗ್ರಾಂ. ಹೊಸ ಮಣಿಗಳು ಹಿಡಿದದ್ದು 104 ಮಿಲಿಗ್ರಾಂ.