ಹ್ಯಾಟಿನ ಡಬ್ಬಿಯಲ್ಲಿದ್ದ ದನಿ

"ಇದನ್ನ ಬರೆದವರು ಯಾರು ಅತ್ತೆ?"

ಟ್ವೈಲಾ ಕೈಯಲ್ಲಿದ್ದ ಹಾಳೆಯನ್ನು ಮುಂದೆ ಚಾಚಿದಳು. ಮರುದಿನ ಅಮೆರಿಕದ ಮೆಂಫಿಸ್‌ನ ಅವರ ಚರ್ಚಿನಲ್ಲಿ ತಾಯಿ ವರ್ಡೆಲ್‌ಳ ಅಂತ್ಯಸಂಸ್ಕಾರ. ಬಂದವರಿಗೆ ಹಂಚಲು ಅಚ್ಚು ಹಾಕಿಸಿದ ಜೀವನಚರಿತ್ರೆಯಲ್ಲಿ ಆ ಜೀವದ ಎಪ್ಪತ್ತೆಂಟು ವರ್ಷ ಮೂರೇ ಸಾಲಿನಲ್ಲಿ ಮುಗಿದಿತ್ತು. ಹುಟ್ಟಿದಳು, ಮದುವೆಯಾದಳು, ಕೋಳಿ ಚೆನ್ನಾಗಿ ಕರಿಯುತ್ತಿದ್ದಳು.

"ನಾನೇ ಬರೆದೆ. ಸುಳ್ಳೇನಿದೆ ಅದರಲ್ಲಿ?" ಎಂದಳು ಒಡೆಸ್ಸಾ. ಟ್ವೈಲಾಳ ತಂದೆಯ ಅಕ್ಕ ಈಕೆ. ಐವತ್ತು ವರ್ಷದಿಂದ ಚರ್ಚಿನ ಗಾಯಕವೃಂದವನ್ನು ಆಳಿದವಳು.

ಟ್ವೈಲಾ ಹ್ಯಾಟಿನ ಡಬ್ಬಿಯನ್ನು ಮುಂದಿಟ್ಟಳು. ಶವಪೆಟ್ಟಿಗೆಯಲ್ಲಿ ತಾಯಿಯ ಜೊತೆ ಕಳಿಸಲು ಬಿಳಿ ಹ್ಯಾಟು ಹುಡುಕಿದಾಗ ಅಡಿಯಲ್ಲಿ ಪುಟ್ಟ ರೆಕಾರ್ಡೊಂದು ಸಿಕ್ಕಿತ್ತು. ಮೇಲೆ ತಾಯಿಯ ಹೆಸರು. ಬೆಳಗಿನಿಂದ ಅದನ್ನು ಎಷ್ಟು ಸಲ ಕೇಳಿದ್ದಳೋ! ಚರ್ಚಿನ ಧಾಟಿಯಲ್ಲೇ ಪ್ರೇಮವನ್ನು ಹಾಡುವ, ಎದೆಯನ್ನು ಹಿಂಡುವ ಆ 'ಸೋಲ್' ಸಂಗೀತದ ಹಾಡು, ಬಾಣಲೆಯ ಮುಂದೆ ಬಾಯಿಮುಚ್ಚಿ ಗುನುಗುತ್ತಿದ್ದ ಆ ಹೆಂಗಸಿನದೇ...?

"ಅದು ಸೈತಾನನ ಹಾಡು," ಎಂದಳು ಒಡೆಸ್ಸಾ. "ಕುಡುಕರ ಮುಂದೆ ಹಾಡಿದೋಳನ್ನ ದೇವರ ಮುಂದೆ ನಿಲ್ಸೋಕಾಗುತ್ತಾ? ಅದಕ್ಕೇ ವೃಂದಕ್ಕೆ ಸೇರಿಸ್ಲಿಲ್ಲ. ಕೊಡು ಇಲ್ಲಿ."

"ಅವಳು ಕರಿದ ಕೋಳಿ ಮಾತ್ರ ಪವಿತ್ರ, ಅಲ್ವಾ? ಪ್ರತಿ ಭಾನುವಾರ ಚಪ್ಪರಿಸ್ಕೊಂಡು ತಿಂದ್ರಲ್ಲ."

ಒಡೆಸ್ಸಾ ರೆಕಾರ್ಡಿಗೆ ಕೈಚಾಚಿದಳು. ಟ್ವೈಲಾ ಕೊಡಲಿಲ್ಲ.

ಅವರ ಚರ್ಚಿನಲ್ಲಿ ಸತ್ತವರ ಚರಿತ್ರೆಯನ್ನು ಗಟ್ಟಿಯಾಗಿ ಓದುವ ಪದ್ಧತಿಯಿಲ್ಲ. ಪಾದ್ರಿ "ಮೌನವಾಗಿ ಓದಿಕೊಳ್ಳಿ" ಎನ್ನುತ್ತಾರೆ. ಆರ್ಗನ್ ಮೆಲ್ಲಗೆ ನುಡಿಯುತ್ತದೆ. ಮರುದಿನ ಪಾದ್ರಿ ಹಾಗೆಂದದ್ದೇ ತಡ, ಆರ್ಗನ್ ನುಡಿಸುವ ಮುದುಕ ಕ್ಲಿಯೋಫಸ್ ಟ್ವೈಲಾಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದ. ಅವಳು ಮೈಕಿನ ಪಕ್ಕದಲ್ಲಿಟ್ಟಿದ್ದ ಪ್ಲೇಯರಿನ ಮುಳ್ಳನ್ನು ರೆಕಾರ್ಡಿನ ಮೇಲೆ ಇಳಿಸಿದಳು.

ವರ್ಡೆಲ್ ಹಾಡಿದಳು. ಹಾಳೆ ಬೀಸಿಕೊಳ್ಳುತ್ತಿದ್ದ ಕೈಗಳು ನಿಂತವು. ಎರಡನೆಯ ಚರಣಕ್ಕೆ ರೆಕಾರ್ಡಿನಲ್ಲೇ ಅವಳ ಹಿಂದಿನಿಂದ ಇನ್ನೊಂದು ದನಿ ಸೇರಿತು. ದಪ್ಪ ದನಿ, ಪ್ರತಿ ಭಾನುವಾರ ಇಡೀ ಚರ್ಚು ಕೇಳಿದ ದನಿ.

"ಇದು ನಮ್ಮ ಒಡೆಸ್ಸಾ ಅಲ್ವೇನ್ರೇ?" ಎಂದಳು ಮುಂದಿನ ಸಾಲಿನ ಅಜ್ಜಿಯೊಬ್ಬಳು.

ಎಲ್ಲರ ಕತ್ತು ತಿರುಗಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ? ಐವತ್ತು ವರ್ಷ ಕಾಣಲಿಲ್ಲ, ಏಕೆಂದರೆ ಕಂಡವಳೊಬ್ಬಳು ಬಾಯಿಬಿಡಲಿಲ್ಲ.

ಹಾಡು ಮುಗಿದಾಗ ಒಡೆಸ್ಸಾ ಎದ್ದು ಶವಪೆಟ್ಟಿಗೆಯ ಬಳಿಗೆ ಬಂದಳು. "ಇಬ್ರೂ ಸೇರೇ ಹಾಡಿದ್ವಿ... ಆಗ ಅಪ್ಪ ಇಲ್ಲಿ ಪಾದ್ರಿ. ಕೇಳ್ದಾಗ, ಅವಳೊಬ್ಳೇ ಹಾಡಿದ್ದು ಅಂದೆ. ಅವಳು ನನ್ನ ಬಿಟ್ಟುಕೊಡ್ಲಿಲ್ಲ... ಕೊನೇವರೆಗೂ ಬಿಟ್ಟುಕೊಡ್ಲಿಲ್ಲ."

ಅಳುತ್ತ ತನ್ನ ವೃಂದದ ನಿಲುವಂಗಿ ಕಳಚಿ ಪೆಟ್ಟಿಗೆಗೆ ಹೊದಿಸಿದಳು. ನಾಲ್ಕಾರು ಮಂದಿ ಕಣ್ಣೊರೆಸಿಕೊಂಡರು. ಟ್ವೈಲಾಳ ಕಣ್ಣು ಒದ್ದೆಯಾಗಲಿಲ್ಲ. ಅವಳು ನಿಲುವಂಗಿಯನ್ನು ತೆಗೆದು ಮಡಚಿ ಅತ್ತೆಯ ಕೈಗೇ ಇಟ್ಟಳು.

"ಬದುಕಿದ್ದಾಗ ಕೊಡದೇ ಇದ್ದದ್ದು ಈಗ್ಯಾಕೆ ಅತ್ತೆ? ಅವಳ ಹಾಡು ಇನ್ನೊಂದ್ಸಲ ಹಾಕ್ತೀನಿ. ನಿಂತು ಕೇಳಿ."

ಮೂರು ನಿಮಿಷದ ಹಾಡು. ಎಂಬತ್ತರ ಒಡೆಸ್ಸಾ ನಿಂತೇ ಕೇಳಿದಳು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.